ಒಂದು ಸೆಂಟಿಮೀಟರ್ ಅಷ್ಟೇ

ಜೂನ್ 11

ಅಕ್ಕಾ,

ಪಾರ್ಸೆಲ್ ನಿನ್ನೆ ಕೈಸೇರಿತು. ಉಬ್ಬಸಕ್ಕೆ ಬಾಯಲ್ಲಿಟ್ಟು ಎಳೆದುಕೊಳ್ಳುವ ಕಂದು ಪಂಪು ಒಂದು, ನೀಲಿ ಪಂಪು ಒಂದು, ಎರಡೂ ಒಡೆಯದೆ ಬಂದಿವೆ. ಇಲ್ಲಿನ ಔಷಧಿ ಅಂಗಡಿಯವನು ಕಂದು ಪಂಪು ಕೇಳಿದಾಗಲೆಲ್ಲ ‘ನಾಳೆ ಬನ್ನಿ’ ಅನ್ನುತ್ತಾನೆ. ನೀನು ಆಸ್ಪತ್ರೆಯಲ್ಲಿ ದಾದಿಯಾಗಿರದಿದ್ದರೆ ನನ್ನ ಮಗಳು ಅವನ ‘ನಾಳೆ’ಯನ್ನೇ ನಂಬಿಕೊಂಡಿರಬೇಕಿತ್ತು.

ಗುಬ್ಬಿ ಈಗ ಎಷ್ಟೋ ವಾಸಿ. ಡಾಕ್ಟರು ಕಂದು ಪಂಪು ಶುರುಮಾಡಿಸಿ ಐದು ವಾರವಾಯಿತು. ಮೊದಲೆಲ್ಲ ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸೀಟಿ ಊದಿದ ಹಾಗೆ ಕೇಳಿಸುತ್ತಿತ್ತು. ಈಗ ಮೇಲಿನ ಮಹಡಿಯ ಮಕ್ಕಳ ಜೊತೆ ಓಡಾಡಿ ನನ್ನ ಹೊಲಿಗೆ ಮಿಷನ್ನಿನ ಕೆಳಗೆ ಬಂದು ಅಡಗುತ್ತಾಳೆ. ಇವರು ಹೋದ ವಾರ ಲಾರಿ ಇಳಿದು ಮನೆಗೆ ಬಂದವರು ಅವಳ ಕೂಗಾಟ ನೋಡಿ, ‘ಸದ್ದು ಕಮ್ಮಿ ಮಾಡೋ ಪಂಪೂ ಇದೆಯಾ ಅಂತ ನಿಮ್ಮಕ್ಕನ್ನ ಕೇಳು’ ಅಂದರು.

ಒಂದೇ ಒಂದು ಅನುಮಾನ. ಪೆಟ್ಟಿಗೆಯೊಳಗೆ ಇರುವೆಯಷ್ಟು ಅಕ್ಷರದ ಒಂದು ಕಾಗದ ಮಡಚಿಟ್ಟಿದ್ದಾರೆ. ಸೂಜಿಗೆ ದಾರ ಪೋಣಿಸುವ ಕಣ್ಣು ನನ್ನದು, ಪೂರ್ತಿ ಓದಿದೆ. ಇದರಲ್ಲಿ ಸ್ಟೀರಾಯ್ಡ್ ಇದೆಯಂತೆ. ಬಹಳ ದಿನ ತೆಗೆದುಕೊಳ್ಳುವ ಮಕ್ಕಳ ಎತ್ತರವನ್ನು ಆಗಾಗ ಅಳೆದು ನೋಡಬೇಕಂತೆ. ಯಾಕೆ ಅಳೆಯಬೇಕು? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಐದು ನಿಮಿಷ ದಾಟಿದರೆ ನಮ್ಮಿಬ್ಬರ ಮಾತು ಜಗಳಕ್ಕೆ ತಿರುಗುತ್ತದೆ, ಮುಖ್ಯವಾದದ್ದನ್ನೆಲ್ಲ ಪಾರ್ಸೆಲ್ ಜೊತೆ ಬರೆದು ಕಳಿಸೋಣ ಎಂದು ನೀನೇ ಹೇಳಿದ್ದೆಯಲ್ಲ, ಅದಕ್ಕೇ ಈ ಕಾಗದ.

ನಿನ್ನ ತಂಗಿ


ಜೂನ್ 20

ತಂಗೀ,

ಆ ಕಾಗದವನ್ನು ಓದಬೇಡ, ಹರಿದು ಹಾಕು. ತಲೆನೋವಿನ ಮಾತ್ರೆಯ ಜೊತೆ ಬರುವ ಕಾಗದ ಓದಿದರೂ ಮನುಷ್ಯನಿಗೆ ಜೀವ ಬಾಯಿಗೆ ಬರುತ್ತದೆ. ಕಂಪನಿಯವರು ತಮ್ಮ ತಲೆಯ ಮೇಲೆ ಏನೂ ಬರಬಾರದೆಂದು ಎಲ್ಲವನ್ನೂ ಬರೆದುಬಿಡುತ್ತಾರೆ. ಎತ್ತರಕ್ಕೆ ಏನೂ ಆಗುವುದಿಲ್ಲ. ಮಕ್ಕಳ ವಾರ್ಡಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದವಳು ಹೇಳುತ್ತಿದ್ದೇನೆ.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸು. ಚೆನ್ನಾಗಿದ್ದಾಳೆಂದು ಬಿಡಬೇಡ, ಇದನ್ನು ತೆಗೆದುಕೊಳ್ಳುತ್ತಿರುವುದರಿಂದಲೇ ಚೆನ್ನಾಗಿರುವುದು. ನೀಲಿಯದು ಉಸಿರು ಕಟ್ಟಿದಾಗ ಮಾತ್ರ.

ಇನ್ನೊಂದು ವಿಷಯ. ಪಂಪಿನ ಹಿಂದೆ ಒಂದು ಸಂಖ್ಯೆ ಕಾಣುತ್ತದಲ್ಲ, ನೂರಿಪ್ಪತ್ತರಿಂದ ಇಳಿಯುತ್ತಾ ಬರುತ್ತದೆ. ಎರಡು ತಿಂಗಳಿಗೆ ಮುಗಿಯುತ್ತದೆ. ಮುಗಿದ ಪಂಪನ್ನು ಎಸೆಯದೆ ನನಗೆ ವಾಪಸ್ ಕಳಿಸು. ಹಳೆಯದು ಕೊಟ್ಟರೆ ಮಾತ್ರ ನಮ್ಮ ಆಸ್ಪತ್ರೆಯವರು ಹೊಸದು ಕೊಡುತ್ತಾರೆ.

ಗುಬ್ಬಿಗೆ ಅವಳ ದೊಡ್ಡಮ್ಮನ ಮುತ್ತು.

ಅಕ್ಕ


ಮರುವರ್ಷ, ಮೇ 27

ಅಕ್ಕಾ,

ಕಂದು ಪಂಪು ವಾಪಸ್ ಕಳಿಸಿದ್ದೇನೆ. ಇದರಲ್ಲಿ ಒಂಬತ್ತು ಉಳಿದಿದೆ. ಎರಡು ದಿನ ಮದುವೆಮನೆಯಲ್ಲಿ ಮರೆತೆವು, ಇನ್ನೆರಡು ಮೂರು ದಿನ ಅವಳ ಹಠ. ಬೈಯಬೇಡ.

ಶಾಲೆಯ ಸಮವಸ್ತ್ರದ ಕೆಲಸ ಈ ಸಲವೂ ನನಗೇ ಸಿಕ್ಕಿದೆ. ಗುಬ್ಬಿಯ ತರಗತಿಯ ಮೂವತ್ತೊಂದು ಮಕ್ಕಳ ಅಳತೆ ಹೋದ ವರ್ಷದ ಪುಸ್ತಕದಲ್ಲೂ ಇದೆ, ಈ ವರ್ಷದ್ದರಲ್ಲೂ ಇದೆ. ಪಕ್ಕಪಕ್ಕ ಇಟ್ಟು ನೋಡಿದೆ. ಉಳಿದವರು ಯಾರೂ ಐದು ಸೆಂಟಿಮೀಟರಿಗಿಂತ ಕಮ್ಮಿ ಬೆಳೆದಿಲ್ಲ. ಐದೂವರೆ, ಆರು, ಒಬ್ಬಳಂತೂ ಏಳು. ನಮ್ಮ ಗುಬ್ಬಿ ನೂರಹದಿನೆಂಟು ಇದ್ದವಳು ನೂರಿಪ್ಪತ್ತೆರಡೂವರೆ. ನಾಲ್ಕೂವರೆ ಅಷ್ಟೇ. ಟೇಪು ಸುಳ್ಳಿರಬೇಕೆಂದು ಬೇರೆ ಟೇಪಿನಲ್ಲಿ ಅಳೆದೆ. ಅವಳು ಗೋಡೆಗೆ ಒರಗಿ ನಿಂತು, ‘ಅಮ್ಮಾ, ನಾನೇನು ಪರದೆನಾ, ಎಷ್ಟು ಸಲ ಅಳೀತೀಯ’ ಅಂದಳು. ಶಾಲೆಯಲ್ಲಿ ಅವಳನ್ನು ‘ಮೋಟು’ ಅನ್ನುತ್ತಾರಂತೆ. ನಗುತ್ತಲೇ ಹೇಳಿದಳು.

ನಿನಗೆ ನೆನಪಿದೆಯೋ ಇಲ್ಲವೋ. ದಾದಿಯರ ತರಬೇತಿಗೆ ಸೇರಲು ಇಬ್ಬರೂ ಒಂದೇ ದಿನ ಹೋಗಿದ್ದೆವು. ಗೋಡೆಗೆ ಅಳತೆಪಟ್ಟಿ ಹೊಡೆದಿದ್ದರು. ನೂರೈವತ್ತು ಇರಬೇಕಿತ್ತು. ‘ಹಿಮ್ಮಡಿ ಸ್ವಲ್ಪ ಎತ್ತು’ ಎಂದು ನೀನು ಸನ್ನೆ ಮಾಡಿದೆ, ನಾನು ಎತ್ತಿದೆ. ಅಲ್ಲಿದ್ದ ಹೆಂಗಸು ನನ್ನ ಭುಜ ಹಿಡಿದು ಕೆಳಗೆ ಒತ್ತಿ, ನೂರನಲವತ್ತೆಂಟು ಎಂದು ಬರೆದುಕೊಂಡು, ‘ಮುಂದಿನವರು’ ಅಂದಳು. ನೀನು ಒಳಗೆ ಹೋದೆ. ಬರೆಯುವ ಪರೀಕ್ಷೆಯಲ್ಲಿ ನಿನಗಿಂತ ನನಗೇ ಹೆಚ್ಚು ಅಂಕ ಬಂದಿತ್ತು.

ನಿಜ ಹೇಳು. ಪಂಪಿನಿಂದಲೇ ತಾನೇ?

ತಂಗಿ


ಜೂನ್ 5

ತಂಗೀ,

ಹೋದ ವರ್ಷ ನಾನು ನಿನಗೆ ಪೂರ್ತಿ ನಿಜ ಬರೆಯಲಿಲ್ಲ. ನೀನು ಹೆದರಿ ಔಷಧಿ ನಿಲ್ಲಿಸಿಬಿಡುತ್ತೀಯ ಎಂಬ ಭಯದಿಂದ ಏನೂ ಆಗುವುದಿಲ್ಲ ಎಂದುಬಿಟ್ಟೆ. ತಪ್ಪು ನನ್ನದು.

ನಿಜ ಇಷ್ಟು. ಕಂದು ಪಂಪು ಎಳೆಯುವ ಮಕ್ಕಳು ಮೊದಲ ವರ್ಷ ಅರ್ಧವೋ ಒಂದೋ ಸೆಂಟಿಮೀಟರ್ ಕಮ್ಮಿ ಬೆಳೆಯುವುದುಂಟು. ಆಮೇಲೆ ಅದು ವರ್ಷವರ್ಷವೂ ಸೇರುತ್ತಾ ಹೋಗುವುದಿಲ್ಲ. ದೊಡ್ಡವಳಾದ ಮೇಲೂ ಹೆಚ್ಚೆಂದರೆ ಅಷ್ಟೇ ವ್ಯತ್ಯಾಸ ಉಳಿಯಬಹುದು. ಒಂದು ಸೆಂಟಿಮೀಟರ್ ಅಷ್ಟೇ. ಔಷಧಿ ಇಲ್ಲದೆ ಉಬ್ಬಸ ಹತೋಟಿ ತಪ್ಪಿದರೆ ಆಗಲೂ ಮಗು ಬೆಳೆಯುವುದಿಲ್ಲ. ಅದು ಹೋಗಲಿ, ಉಸಿರೇ ನಿಂತರೆ ಎತ್ತರ ಕಟ್ಟಿಕೊಂಡು ಏನು ಮಾಡುವುದು?

ಅಳತೆ ಪುಸ್ತಕ ತೆಗೆದುಕೊಂಡು ಅಲ್ಲಿನ ಡಾಕ್ಟರ ಹತ್ತಿರ ಹೋಗು. ಪ್ರಮಾಣ ಇಳಿಸಬಹುದೇ ಎಂದು ಅವರನ್ನೇ ಕೇಳು. ನೀನಾಗಿ ಮಾತ್ರ ನಿಲ್ಲಿಸಬೇಡ.

ತರಬೇತಿಯ ದಿನದ ವಿಷಯ ಬರೆದಿದ್ದೀಯ. ಮರೆತಿಲ್ಲ. ಆದರೆ ಅದಕ್ಕೂ ಇದಕ್ಕೂ ಗಂಟು ಹಾಕಬೇಡ.

ಅಕ್ಕ


ಜುಲೈ 30

ಅಕ್ಕಾ,

ನಿನ್ನ ಮಾತಿನಂತೆ ಆಗಲಿ. ನೀನು ಓದಿದವಳು.

ಮುಗಿದ ಪಂಪು ಕಳಿಸಿದ್ದೇನೆ. ಡಾಕ್ಟರ ಹತ್ತಿರ ಇನ್ನೂ ಹೋಗಿಲ್ಲ, ಸಮವಸ್ತ್ರದ ಕೆಲಸ ಮುಗಿಯಲಿ. ನೀಲಿ ಪಂಪನ್ನು ಗುಬ್ಬಿ ಶಾಲೆಯಲ್ಲಿ ಕಳೆದುಕೊಂಡು ಬಂದಳು, ಈ ಸಲ ಎರಡು ಇಡು.

ತಂಗಿ


ಆಗಸ್ಟ್ 9

ತಂಗೀ,

ಪಂಪು ಬಂತು. ಸಂಖ್ಯೆ ಸೊನ್ನೆಗೆ ಇಳಿದಿದೆ, ಒಂದೂ ಉಳಿದಿಲ್ಲ. ಈ ವರ್ಷ ಇಷ್ಟು ಅಚ್ಚುಕಟ್ಟಾಗಿ ಮುಗಿಸಿದ್ದು ಇದೇ ಮೊದಲು. ಶಾಭಾಸ್ ಎಂದು ಗುಬ್ಬಿಗೆ ಹೇಳು. ನಿನಗೆ ಕೋಪ ಇಳಿದಿಲ್ಲವೆಂದು ಕಾಗದದ ಉದ್ದ ನೋಡಿಯೇ ಗೊತ್ತಾಗುತ್ತದೆ, ಪರವಾಗಿಲ್ಲ. ನೀಲಿ ಎರಡು ಇಟ್ಟಿದ್ದೇನೆ. ಉಬ್ಬಸ ಹೆಚ್ಚಾಗಿಲ್ಲ ತಾನೇ?

ಅಕ್ಕ


ನವೆಂಬರ್ 24

ಅಕ್ಕಾ,

ಉಬ್ಬಸ ಹೆಚ್ಚೇನಿಲ್ಲ. ಪಕ್ಕದ ಕಟ್ಟಡ ಒಡೆಯುತ್ತಿದ್ದಾರೆ, ಆ ಧೂಳಿಗೆ ಸ್ವಲ್ಪ ಕೆಮ್ಮು. ಬೆಳಿಗ್ಗೆ ಎದ್ದಾಗ ಎರಡು ಸಲ ನೀಲಿ ಎಳೆದರೆ ಸರಿಹೋಗುತ್ತದೆ. ಈ ಸಲ ನೀಲಿ ಮೂರು ಕಳಿಸಿದರೆ ಒಳ್ಳೆಯದು. ಮುಗಿದ ಕಂದು ಪಂಪು ಇದರ ಜೊತೆಗೇ ಇದೆ.

ಒಳ್ಳೆಯ ಸುದ್ದಿ ಕೇಳು. ಗುಬ್ಬಿ ನೂರಿಪ್ಪತ್ತೈದೂವರೆ. ಆರು ತಿಂಗಳಿಗೆ ಮೂರು ಸೆಂಟಿಮೀಟರ್. ಲಂಗದ ಅಂಚು ಬಿಚ್ಚಿ ಇಳಿಸಿದೆ. ಅಂಚು ಬಿಚ್ಚುವ ಕೆಲಸದಲ್ಲಿ ಇಷ್ಟು ಸಂತೋಷ ಇದೆಯೆಂದು ಇಷ್ಟು ವರ್ಷ ಹೊಲಿದವಳಿಗೆ ಗೊತ್ತೇ ಇರಲಿಲ್ಲ. ಅವಳೂ ಎರಡು ಸಾಲು ಬರೆಯುತ್ತಾಳಂತೆ, ಜಾಗ ಬಿಡುತ್ತಿದ್ದೇನೆ.

*ದೊಡ್ಡಮ್ಮಾ, ಶಾಲೇಲಿ ನನ್ನನ್ನು ಮುಂದಿನ ಬೆಂಚಿನಿಂದ ಎರಡನೇ ಬೆಂಚಿಗೆ ಹಾಕಿದರು. ನಾನು ದಿನಾ ಪಂಪು ತಗೋತೀನಿ. ಅಮ್ಮ ಬರಿ ಅಂದಳು.*

ತಂಗಿ


ಮರುವರ್ಷ, ಫೆಬ್ರವರಿ 19

ತಂಗೀ,

ಮೊನ್ನೆ ಊರು ಸೇರಿದೆ. ನಿನ್ನನ್ನು ಆ ಮನೆಯಲ್ಲಿ ಬಿಟ್ಟು ಬರಲು ಕಾಲು ಏಳಲಿಲ್ಲ. ನಿನ್ನ ಗಂಡ ಈ ತಿಂಗಳು ಲಾರಿ ಹತ್ತುವುದಿಲ್ಲ ಎಂದಿದ್ದಾನೆ, ಅದೊಂದು ಧೈರ್ಯ. ನಾನಿದ್ದ ಮೂರು ವಾರದಲ್ಲಿ ನೀನು ಹತ್ತು ಮಾತು ಆಡಿದೆಯೋ ಇಲ್ಲವೋ. ಅದಕ್ಕೇ ಬರೆಯುತ್ತಿದ್ದೇನೆ.

ಇದನ್ನು ಓದಿ ಮನಸ್ಸಿಗೆ ತೆಗೆದುಕೋ. ಗುಬ್ಬಿ ಹೋದದ್ದರಲ್ಲಿ ನಿನ್ನ ತಪ್ಪಿಲ್ಲ. ನೀನು ಹೊತ್ತುಹೊತ್ತಿಗೆ ಔಷಧಿ ಕೊಟ್ಟೆ. ತಪ್ಪಿದ್ದರೆ ನನ್ನದು. ಪಂಪುಗಳನ್ನು ತಂದು ನನ್ನ ಕೋಣೆಯ ತಗಡಿನ ಬೀರುವಿನಲ್ಲಿ ವಾರಗಟ್ಟಲೆ ಇಡುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಆ ತಗಡು ಕಾದ ಹೆಂಚಿನಂತಾಗುತ್ತದೆ. ಔಷಧಿ ಸತ್ವ ಕಳೆದುಕೊಂಡಿರಬೇಕು. ನೀನು ನೀಲಿ ಮೂರು ಕೇಳಿದಾಗಲಾದರೂ ನಾನು ರಜೆ ಹಾಕಿ ಬಂದು ಅವಳನ್ನು ದೊಡ್ಡ ಡಾಕ್ಟರಿಗೆ ತೋರಿಸಬೇಕಿತ್ತು. ಪಾರ್ಸೆಲ್ ಕಟ್ಟಿ ಕೈತೊಳೆದುಕೊಂಡೆ.

ವಾರ್ಡಿಗೆ ಹೋಗಲು ಆಗುತ್ತಿಲ್ಲ. ಒಂದು ಮಗು ಕೆಮ್ಮಿದರೂ ಕೈಲಿದ್ದದ್ದನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಡುತ್ತೇನೆ. ಕೆಲಸ ಬಿಡುತ್ತೇನೆಂದು ಹೇಳಿದ್ದೇನೆ.

ಊಟ ಮಾಡು.

ಅಕ್ಕ


ಮಾರ್ಚ್ 22

ಅಕ್ಕಾ,

ನಿನ್ನ ಕಾಗದ ಬಂದು ತಿಂಗಳಾಯಿತು. ದಿನಾ ತೆಗೆದು ಓದುತ್ತಿದ್ದೆ. ನೀನು ಹೇಳಿದ್ದನ್ನೇ ನಂಬಿಕೊಂಡು ಬದುಕಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಕೆಲಸ ಬಿಡುತ್ತೇನೆಂದು ಬರೆದಿದ್ದೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಬೀರುವಿನ ತಪ್ಪಿಲ್ಲ. ಔಷಧಿ ಅವಳ ಹೊಟ್ಟೆಗೂ ಹೋಗಿಲ್ಲ, ಎದೆಗೂ ಹೋಗಿಲ್ಲ. ಹೋದ ಜೂನಿನಿಂದ ನಾನು ಕೊಡಲಿಲ್ಲ.

ಒಂದೇ ದಿನ ನಿಲ್ಲಿಸಿದ್ದಲ್ಲ. ಮೊದಲು ಸಂಜೆಯದನ್ನು ಬಿಟ್ಟೆ. ಅವಳು ಚೆನ್ನಾಗಿಯೇ ಇದ್ದಳು. ಎರಡು ವಾರ ಬಿಟ್ಟು ಬೆಳಿಗ್ಗೆಯದನ್ನೂ ಬಿಟ್ಟೆ. ಆಗಲೂ ಚೆನ್ನಾಗಿದ್ದಳು. ನೀವೆಲ್ಲ ಸುಮ್ಮನೆ ಹೆದರಿಸಿದ್ದೀರಿ ಅನ್ನಿಸಿತು. ಹಳೆಯದು ವಾಪಸ್ ಕಳಿಸಬೇಕಿತ್ತಲ್ಲ, ಸಂಖ್ಯೆ ಇಳಿಯಬೇಕಿತ್ತಲ್ಲ, ಬೆಳಿಗ್ಗೆ ಸಂಜೆ ಕಿಟಕಿಯ ಹತ್ತಿರ ನಿಂತು ಪಂಪನ್ನು ಹೊರಗೆ ಒತ್ತುತ್ತಿದ್ದೆ. ಒಂದು ದಿನ ಗುಬ್ಬಿ ನೋಡಿಬಿಟ್ಟಳು. ‘ಕಿಟಕಿಗೂ ದಮ್ಮು ಬಂದಿದೆಯಾ ಅಮ್ಮಾ?’ ಎಂದು ಕೇಳಿದಳು. ನಾನು ನಕ್ಕೆ. ದೊಡ್ಡಮ್ಮನಿಗೆ ಹೇಳಬೇಡ, ಇದನ್ನು ಬಿಟ್ಟರೆ ನೀನು ಉದ್ದ ಬೆಳೆಯುತ್ತೀಯ ಎಂದೆ. ಆ ಮಗು ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ನಿನಗೆ ಬರೆದ ಎರಡು ಸಾಲನ್ನು ನಾನೇ ಹೇಳಿ ಬರೆಸಿದ್ದು. ಆಮೇಲಾಮೇಲೆ ದಿನಾ ಒತ್ತುವುದೂ ಬೇಸರವಾಗಿ, ಪಾರ್ಸೆಲ್ ಕಳಿಸುವ ದಿನ ಕೂತು ನೂರಿಪ್ಪತ್ತು ಸಲ ಒತ್ತುತ್ತಿದ್ದೆ. ಹೆಬ್ಬೆರಳು ನೋಯುತ್ತಿತ್ತು.

ಯಾಕೆ ಹೀಗೆ ಮಾಡಿದೆ ಎಂದು ನೀನು ಕೇಳುತ್ತೀಯ. ಮೊದಲ ವರ್ಷ ನೀನು ಏನೂ ಆಗುವುದಿಲ್ಲ ಅಂದೆ. ಮರುವರ್ಷ ಒಂದು ಸೆಂಟಿಮೀಟರ್ ಅಷ್ಟೇ ಅಂದೆ. ಅದರ ಮರುವರ್ಷ ಎರಡು ಅನ್ನುತ್ತೀಯ ಎಂದು ನನಗೆ ಅನ್ನಿಸಿತು. ಅಷ್ಟೇ ಅಂತ ನೀನು ಹೇಗೆ ಬರೆದೆಯೋ. ನನ್ನನ್ನು ಬಾಗಿಲಿನಿಂದ ಆಚೆ ಕಳಿಸಿದ್ದು ಎರಡು ಸೆಂಟಿಮೀಟರ್. ನನ್ನ ಮಗಳು ಯಾವ ಗೋಡೆಯ ಮುಂದೆಯೂ ಹಿಮ್ಮಡಿ ಎತ್ತಿ ನಿಲ್ಲಬಾರದು ಎಂದುಕೊಂಡೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಡಿಸೆಂಬರಿನಿಂದ ಅವಳಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಧೂಳು ಧೂಳು ಎನ್ನುತ್ತಾ ನೀಲಿಯದನ್ನೇ ಎಳೆಸುತ್ತಿದ್ದೆ. ಮತ್ತೆ ಕಂದು ಶುರುಮಾಡೋಣ ಎಂದು ಎರಡು ಸಲ ಕೈಗೆತ್ತಿಕೊಂಡೆ. ಇನ್ನೊಂದು ತಿಂಗಳು ನೋಡೋಣ, ನೂರಿಪ್ಪತ್ತೇಳು ಆಗಲಿ ಎಂದು ಇಟ್ಟೆ. ಜನವರಿಯ ಆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಿಂದ ಫೋನು ಬಂತು. ನಾನು ಹೋಗುವಷ್ಟರಲ್ಲಿ ಟೀಚರು ಅವಳನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದ್ದರು. ಚೀಲದಲ್ಲಿದ್ದ ನೀಲಿ ಪಂಪು ಖಾಲಿ. ಅದನ್ನೇ ಒತ್ತಿ ಒತ್ತಿ ಎಳೆಯುತ್ತಿದ್ದಳು. ತುಟಿಯ ಬಣ್ಣ ಹೋಗಿತ್ತು. ಆಸ್ಪತ್ರೆಗೆ ಹೋಗುವಾಗ ಗಾಡಿಯಲ್ಲಿ ನನ್ನ ತೊಡೆಯ ಮೇಲಿದ್ದಳು. ‘ಅಮ್ಮಾ, ಕಂದು ಕೊಡು, ಉದ್ದ ಆಗೋದು ಬೇಡ’ ಅಂದಳು. ಅದಾದ ಮೇಲೆ ಮಾತಿಲ್ಲ. ಒಂದೂವರೆಗೆ ಡಾಕ್ಟರು ಹೊರಗೆ ಬಂದರು.

ನೀನು ಬಂದ ದಿನ ಆ ಡಾಕ್ಟರು ನನ್ನನ್ನು ಕೇಳಿದರಲ್ಲ, ಕಂದು ಪಂಪು ದಿನಾ ಕೊಡುತ್ತಿದ್ದಿರಾ ಎಂದು. ನಾನು ಬಾಯಿ ತೆರೆಯುವ ಮೊದಲೇ ನೀನು, ‘ಕೊಡ್ತಿದ್ದಳು, ಖಾಲಿಯಾದದ್ದನ್ನ ನಾನೇ ಎಣಿಸಿದೀನಿ’ ಎಂದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಇವರಿಗೆ ನಿನ್ನೆ ಹೇಳಿದೆ. ಬೈಯಲಿಲ್ಲ. ಲಾರಿಯ ಕೀಲಿಕೈ ತೆಗೆದುಕೊಂಡು ಹೋದರು.

ತಂಗಿ


ಜೂನ್ 14

ತಂಗೀ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಏಳು ಸಲ ಕೂತು ಏಳು ಸಲವೂ ಹರಿದೆ. ನಿನ್ನ ಮೇಲಿನ ಕೋಪಕ್ಕೆ ಅಲ್ಲ. ನಾನೂ ಹೇಳಬೇಕಾದದ್ದು ಇದೆ, ಅದನ್ನು ಬರೆಯಲು ಧೈರ್ಯ ಸಾಲಲಿಲ್ಲ.

ನನಗೆ ಗೊತ್ತಿತ್ತು.

ಹಳೆಯ ಪಂಪು ಕೊಟ್ಟರೆ ಮಾತ್ರ ಹೊಸದು ಎಂಬ ನಿಯಮ ಯಾವ ಆಸ್ಪತ್ರೆಯಲ್ಲೂ ಇಲ್ಲ. ನೀನು ಸರಿಯಾಗಿ ಕೊಡುತ್ತೀಯೋ ಇಲ್ಲವೋ ನೋಡಲು ನಾನೇ ಕಟ್ಟಿದ್ದು. ಮೊದಲ ವರ್ಷ ಬಂದ ಪಂಪುಗಳಲ್ಲಿ ಒಂಬತ್ತು, ಹದಿನಾಲ್ಕು, ಆರು ಹೀಗೆ ಉಳಿದಿರುತ್ತಿತ್ತು. ಮಗುವಿರುವ ಮನೆಯಲ್ಲಿ ಹಾಗೇ ಇರುತ್ತದೆ. ಜುಲೈನಿಂದ ಪ್ರತಿಸಲವೂ ಸೊನ್ನೆ. ವಾರ್ಡಿನಲ್ಲಿ ನಾವು ಎದುರಿಗೆ ನಿಂತು ಕೊಟ್ಟರೂ ಅಷ್ಟು ಸರಿಯಾಗಿ ಸೊನ್ನೆಗೆ ಬರುವುದಿಲ್ಲ. ಮೇಲಾಗಿ ನೀಲಿ ಒಂದಿದ್ದದ್ದು ಎರಡಾಯಿತು, ಮೂರಾಯಿತು. ಕಂದು ಎಳೆಯುವ ಮಗುವಿಗೆ ಅಷ್ಟು ನೀಲಿ ಬೇಕಾಗುವುದಿಲ್ಲ ಎಂದು ನಾನು ಹೊಸ ದಾದಿಯರಿಗೆ ಪಾಠ ಹೇಳುತ್ತೇನೆ. ನವೆಂಬರಿನಲ್ಲಿ ನಿನ್ನ ಪಂಪನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದೆ. ಫೋನು ಕೈಗೆತ್ತಿಕೊಂಡೆ. ಕೇಳಿದರೆ ನೀನು ಅಳತೆಪಟ್ಟಿಯ ಮಾತು ತೆಗೆಯುತ್ತೀಯ ಎಂದು ಇಟ್ಟುಬಿಟ್ಟೆ. ಆ ದಿನ ನೀನು ಆಚೆ ಹೋದಾಗ ನಾನು ಹಿಂದಿರುಗಿ ನೋಡದೆ ಒಳಗೆ ಹೋಗಿದ್ದೆ. ಅಷ್ಟು ವರ್ಷ ಅದರ ಮಾತು ಬರದ ಹಾಗೆ ನೋಡಿಕೊಂಡಿದ್ದೆ. ಅದು ಬರಬಾರದೆಂದು ನೀಲಿ ಮೂರು ಇಟ್ಟು ಪಾರ್ಸೆಲ್ ಕಟ್ಟಿದೆ.

ಡಾಕ್ಟರ ಮುಂದೆ ನಿನಗಿಂತ ಮೊದಲು ಬಾಯಿ ತೆರೆದದ್ದೂ ಗೊತ್ತಿದ್ದೇ. ಬೀರುವಿನ ಕಥೆಯೂ ಅಷ್ಟೇ. ತಗಡು ಕಾಯುವುದು ನಿಜ, ಔಷಧಿಯನ್ನು ನಾನು ಅಲ್ಲಿ ಇಡುತ್ತಿರಲಿಲ್ಲ. ನೀನು ಅದನ್ನು ನಂಬಿ ಹಗುರವಾಗಲಿ ಎಂದುಕೊಂಡೆ. ನಾನು ನಿನಗೆ ಒಳ್ಳೆಯದಾಗಲಿ ಎಂದು ಹೇಳಿದ ಸುಳ್ಳುಗಳನ್ನು ಸಾಲಾಗಿ ಇಟ್ಟು ನೋಡಿದೆ. ಮೊದಲನೆಯದನ್ನು ಹೇಳದೆ ಇದ್ದಿದ್ದರೆ ಎರಡನೆಯ ವರ್ಷ ನಾನು ಹೇಳಿದ ನಿಜವನ್ನು ನೀನು ನಂಬುತ್ತಿದ್ದೆ.

ಕೆಲಸ ಬಿಟ್ಟಿಲ್ಲ. ಮಕ್ಕಳ ವಾರ್ಡಿನಿಂದ ಬಟ್ಟೆ ಒಗೆಸುವ ವಿಭಾಗಕ್ಕೆ ಹಾಕಿಸಿಕೊಂಡೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆಂದು ಬರೆಯಲು ನಾನು ಯಾರು? ನನ್ನನ್ನು ಕ್ಷಮಿಸೆಂದು ಕೇಳುವುದೂ ಇಲ್ಲ. ನಿನ್ನ ಗಂಡ ಬಂದನೇ?

ಅಕ್ಕ


ಮರುವರ್ಷ, ಜನವರಿ 8

ಅಕ್ಕಾ,

ನಿನ್ನ ಕಾಗದ ಬಂದಿತ್ತು. ಆರು ತಿಂಗಳು ಉತ್ತರ ಬರೆಯಲಿಲ್ಲ. ಬರೆದರೆ ಕೆಟ್ಟ ಮಾತೇ ಬರುತ್ತಿತ್ತು. ಗೊತ್ತಿದ್ದೂ ಯಾಕೆ ಬಂದು ನನ್ನ ಕೆನ್ನೆಗೆ ಬಾರಿಸಲಿಲ್ಲ ಎಂದು ನಿನ್ನ ಮೇಲೆ ಕುದಿಯುತ್ತಿದ್ದೆ. ಈಗ ಕುದಿಯುವಷ್ಟು ಶಕ್ತಿಯೂ ಇಲ್ಲ.

ಇವರು ಬರುತ್ತಾರೆ, ಹೋಗುತ್ತಾರೆ. ಬಂದಾಗ ಅಡಿಗೆ ಮಾಡಿಡುತ್ತೇನೆ, ಉಣ್ಣುತ್ತಾರೆ. ಮಗಳ ಮಾತು ಆಡುವುದಿಲ್ಲ. ಸಮವಸ್ತ್ರದ ಕೆಲಸ ಈ ವರ್ಷ ನಾನೇ ಬೇಡವೆಂದೆ. ದಿಂಬಿನ ಚೀಲ, ಪರದೆ ಹೊಲಿಯುತ್ತೇನೆ.

ಇವತ್ತು ಬರೆಯಲು ಕಾರಣ ಬೇರೆ. ಹೋದ ವಾರ ಪರದೆ ಹೊಲಿಸಲು ಒಬ್ಬ ಹೆಂಗಸು ಬಂದಿದ್ದಳು. ಹಿಂದಿನ ರಸ್ತೆಯವಳು, ಬ್ರೆಡ್ಡಿನ ಕಾರ್ಖಾನೆಯಲ್ಲಿ ಕೆಲಸ. ಜೊತೆಯಲ್ಲಿ ಆರು ವರ್ಷದ ಮಗಳು. ಮಗು ಬಾಗಿಲಲ್ಲಿ ನಿಂತು ಕೆಮ್ಮಿತು. ಆ ಕೆಮ್ಮು ನನಗೆ ಗೊತ್ತು. ಕೇಳಿದೆ. ಡಾಕ್ಟರು ಕಂದು ಪಂಪು ಬರೆದುಕೊಟ್ಟಿದ್ದಾರೆ, ಸ್ಟೀರಾಯ್ಡ್ ಅಂತೆ, ಮಕ್ಕಳು ಕುಳ್ಳಗಾಗುತ್ತಾರೆಂದು ಎಲ್ಲರೂ ಹೇಳುತ್ತಾರೆ, ಕೊಡಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ ಎಂದಳು.

ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅಷ್ಟು ಮಾತು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಕಿಟಕಿ, ಶಾಲೆಯ ಬೆಂಚು, ಗಾಡಿಯಲ್ಲಿ ಗುಬ್ಬಿ ಅಂದ ಮಾತು, ಒಂದನ್ನೂ ಬಿಡಲಿಲ್ಲ. ಒಂದು ಸೆಂಟಿಮೀಟರ್ ಅಷ್ಟೇ ವ್ಯತ್ಯಾಸ ಎಂದೂ ಹೇಳಿದೆ. ನನ್ನ ಬಾಯಿಂದಲೇ ಆ ಮಾತು ಬಂತು. ಆಕೆ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. ಒಳ್ಳೆಯವಳೇ. ಆಮೇಲೆ ಮಗುವಿನ ತಲೆ ಸವರುತ್ತಾ ಮೆಲ್ಲಗೆ ಕೇಳಿದಳು, ‘ನಿಲ್ಲಿಸಿದ ಮೇಲೆ ಎತ್ತರ ಬಂದಳಾ?’

ಸುಳ್ಳು ಹೇಳಬಹುದಿತ್ತು. ಇನ್ನು ಸುಳ್ಳು ಬೇಡವೆಂದು, ‘ಬಂದಳು, ಏಳು ತಿಂಗಳಿಗೆ ನಾಲ್ಕು ಸೆಂಟಿಮೀಟರ್’ ಎಂದೆ. ಆ ವಯಸ್ಸಿನ ಮಕ್ಕಳು ಅಷ್ಟು ಬೆಳೆದೇ ಬೆಳೆಯುತ್ತಾರೆ, ನನ್ನ ಅಳತೆ ಪುಸ್ತಕದಲ್ಲೇ ಇದೆ, ಪಂಪಿದ್ದರೂ ಅವಳು ಬೆಳೆಯುತ್ತಿದ್ದಳು ಎಂದು ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಆ ಹೆಂಗಸು ಎದ್ದಿದ್ದಳು. ನಾಲ್ಕು ಎಂಬ ಮಾತಿಗೆ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಪರದೆ ಗುರುವಾರ ಬೇಕೆಂದು ಹೇಳಿ ಹೋದಳು. ಗುರುವಾರ ಬೇರೆ ಯಾರನ್ನೋ ಕಳಿಸಿ ತರಿಸಿಕೊಂಡಳು. ಬಂದವರನ್ನು ಕೇಳಿದೆ. ಪಂಪು ಇನ್ನೂ ತಂದಿಲ್ಲವಂತೆ.

ಅವಳ ಮನೆಯ ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ನೀನು ಒಂದು ಕಾಗದ ಹಾಕಿ ನೋಡು. ಏನು ಬರೆದರೆ ಕೇಳುತ್ತಾಳೋ ನನಗೆ ತಿಳಿಯದು. ನಿನಗೂ ತಿಳಿದಿರಲಾರದು. ಆದರೂ ಬೇಗ ಬರಿ, ಮಗುವಿಗೆ ಕೆಮ್ಮು ಜಾಸ್ತಿ ಇದೆ.

ತಂಗಿ